ಏಕಾಗ್ರತೆಯೂ ಅಪ್ರಮಾದವೂ: ಬಾಲಕರ ವ್ರತಶಿಕ್ಷಣವನ್ನು ಕುರಿತು ಒಂದು ವಿಚಾರ

ಪ್ರೋಷಧೋಪವಾಸ ವ್ರತಕ್ಕೆ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಐದು ಅತಿಚಾರಗಳು ಹೇಳಲ್ಪಟ್ಟಿವೆ. ಅವುಗಳನ್ನು ಬಾಯಿಪಾಠವಾಗಿ ಒಪ್ಪಿಸಬಲ್ಲ ಶ್ರಾವಕ ಶ್ರಾವಿಕೆಯರು ನಮ್ಮ ಊರೂರುಗಳಲ್ಲಿಯೂ ಇದ್ದಾರೆ. ಆದರೆ ಆ ಐದರಲ್ಲಿ ಒಂದಾದರೂ ಅನ್ನಪಾನಗಳಿಗೆ ಸಂಬಂಧಿಸಿದ್ದಲ್ಲವೆಂಬುದನ್ನು ಗಮನಿಸಿದವರು ವಿರಳ. ನೋಡದೆ, ಒರಸದೆ ನೆಲದ ಮೇಲೆ ಮಲಮೂತ್ರಾದಿಗಳನ್ನು ವಿಸರ್ಜಿಸುವುದು ಮೊದಲನೆಯದು. ನೋಡದೆ, ಒರಸದೆ ಪೂಜೆಯ ಉಪಕರಣಗಳನ್ನಾಗಲಿ ತನ್ನ ವಸ್ತ್ರಾದಿಗಳನ್ನಾಗಲಿ ತೆಗೆದುಕೊಳ್ಳುವುದು ಎರಡನೆಯದು. ನೋಡದೆ, ಒರಸದೆ ಹಾಸಿಗೆಯನ್ನು ಹಾಸುವುದು ಮೂರನೆಯದು. ವ್ರತದಲ್ಲಿ ಅನಾದರವು ನಾಲ್ಕನೆಯದು, ಸ್ಮೃತ್ಯನುಪಸ್ಥಾನ, ಎಂದರೆ ಮಾಡುತ್ತಿರುವುದು ನೆನಪಿನಲ್ಲಿ ನಿಲ್ಲದಿರುವುದು, ಐದನೆಯದು. ದಿನವೆಲ್ಲ ಒಂದು ಹನಿ ನೀರನ್ನೂ ಮುಟ್ಟದ ಉಪವಾಸಿಯು ಸಂಜೆ ಚಾಪೆಯ ಅಡಿಯನ್ನು ನೋಡದೆ ಅದನ್ನು ಬಿಡಿಸಿದನೆಂದರೆ, ಅವನ ಹಸಿವು ಪೂರ್ಣವಾಗಿದ್ದರೂ ವ್ರತವು ಅಷ್ಟರಮಟ್ಟಿಗೆ ಮಲಿನವಾಯಿತು.

ಇದೇನು, ಹಸಿವಿಗೂ ಚಾಪೆಗೂ ಏನು ಸಂಬಂಧವೆಂದು ಕೇಳಬಹುದು. ಶ್ರೀ ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಉಪವಾಸವೆಂಬ ಶಬ್ದಕ್ಕೆ ಮಾಡಿರುವ ವ್ಯಾಖ್ಯಾನದಲ್ಲಿ ಇದಕ್ಕೆ ಉತ್ತರವಿದೆ. ಶಬ್ದಾದಿ ವಿಷಯಗಳ ಕಡೆಗೆ ಧಾವಿಸುವ ಔತ್ಸುಕ್ಯವನ್ನು ಬಿಟ್ಟು ಐದು ಇಂದ್ರಿಯಗಳೂ ಹಿಂದಿರುಗಿ ಬಂದು ನೆಲಸುವುದೇ ಉಪವಾಸವೆಂಬುದು ಅವರ ಅಭಿಪ್ರಾಯ. ನಾಲಗೆಯೊಂದು ಮನೆಗೆ ಬಂದು, ಕಣ್ಣು ಕಿವಿಗಳು ಬೀದಿಯಲ್ಲಿಯೇ ಅಲೆಯುತ್ತಿದ್ದರೆ ಅದು ಲಂಘನವಾದೀತೇ ಹೊರತು ಉಪವಾಸವಾಗದು. ಹಾಗೆ ಮನೆಗೆ ಬಂದ ಇಂದ್ರಿಯಗಳುಳ್ಳವನು ಚಾಪೆಯ ಅಡಿಯ ಇರುವೆಯನ್ನು ಕಾಣುತ್ತಾನೆ. ಕಾಣದಿದ್ದರೆ ಇಂದ್ರಿಯಗಳು ಇನ್ನೂ ಬಂದಿಲ್ಲವೆಂದು ತಿಳಿಯಬೇಕು.

ಇಷ್ಟನ್ನು ಪೀಠಿಕೆಯಾಗಿ ಹೇಳಿದ ಉದ್ದೇಶವೇನೆಂದರೆ, ನಮ್ಮ ಮನೆಗಳಲ್ಲಿ ಇಂದು ಎದ್ದಿರುವ ಒಂದು ಪ್ರಶ್ನೆಯನ್ನು ವಿಚಾರಿಸುವುದಾಗಿದೆ. ಎಳೆಯ ಮಕ್ಕಳಿಗೆ ಮೊದಲು ಕಲಿಸಬೇಕಾದುದು ಯಾವುದು, ಬಿಡುವುದನ್ನೋ, ನೋಡುವುದನ್ನೋ?

ಭಾದ್ರಪದ ಶುಕ್ಲ ಪಂಚಮಿಯಿಂದ ಚತುರ್ದಶಿಯವರೆಗಿನ ದಶಲಕ್ಷಣ ಪರ್ವ ಬಂತೆಂದರೆ ಎಂಟು ಒಂಬತ್ತು ವರ್ಷದ ಮಕ್ಕಳನ್ನು ಉಪವಾಸಕ್ಕೆ ಕೂಡಿಸುವ ಉತ್ಸಾಹ ಕೆಲವು ಮನೆಗಳಲ್ಲಿ ಕಾಣುತ್ತದೆ. ಮಗು ಒಂದು ದಿನ ನಿಂತರೆ ಎರಡು ದಿನಕ್ಕೆ ಪ್ರೋತ್ಸಾಹ, ಎರಡು ದಿನ ನಿಂತರೆ ಸಭೆಯಲ್ಲಿ ಹಾರ, ಅದರ ಭಾವಚಿತ್ರ ಎಲ್ಲರ ಮೊಬೈಲುಗಳಲ್ಲಿ. ಅದೇ ಮನೆಯ ತಾಯಿತಂದೆಗಳೇ ಉಳಿದ ದಿನಗಳಲ್ಲಿ ಬಂದು, ‘ಮಾಸ್ತರೇ, ನಮ್ಮ ಹುಡುಗನಿಗೆ ಏಕಾಗ್ರತೆಯೇ ಇಲ್ಲ, ಏನಾದರೂ ಧ್ಯಾನ ಗೀನ ಹೇಳಿಕೊಡಿ, ಪರೀಕ್ಷೆ ಹತ್ತಿರ ಬಂತು’ ಎಂದು ಕೇಳುವುದುಂಟು. ಮೇಲ್ನೋಟಕ್ಕೆ ಇವು ಎರಡು ಬೇರೆ ಸಂಗತಿಗಳು. ನನ್ನ ದೃಷ್ಟಿಯಲ್ಲಿ ಎರಡಕ್ಕೂ ಮೂಲ ಒಂದೇ: ಗಣಿಸಬಹುದಾದುದನ್ನು ಹಿಡಿದು, ಗಣಿಸಲಾಗದುದನ್ನು ಬಿಟ್ಟಿರುವುದು. ಉಪವಾಸದ ದಿನಗಳನ್ನು ಎಣಿಸಬಹುದು, ಅಂಕಗಳನ್ನೂ ಎಣಿಸಬಹುದು. ಎಚ್ಚರವನ್ನು ಯಾವ ಪಟ್ಟಿಯಲ್ಲಿ ಬರೆಯುವುದು?

ಏಕಾಗ್ರತೆ ಇಲ್ಲವೆಂಬ ದೂರನ್ನೇ ಮೊದಲು ಪರೀಕ್ಷಿಸೋಣ. ಆ ಹುಡುಗನ ಕೈಗೆ ಮೊಬೈಲನ್ನು ಕೊಟ್ಟು ನೋಡಿ. ಒಂದು ಗಂಟೆಯ ಕಾಲ ಅವನು ಕದಲುವುದಿಲ್ಲ. ತಾಯಿ ಮೂರು ಸಲ ಕೂಗಿದರೂ ಕೇಳಿಸುವುದಿಲ್ಲ, ಸೊಳ್ಳೆ ಕಚ್ಚಿದರೂ ತಿಳಿಯುವುದಿಲ್ಲ. ಇದಕ್ಕಿಂತ ಹೆಚ್ಚಿನ ಏಕಾಗ್ರತೆಯನ್ನು ಯಾರಿಂದ ನಿರೀಕ್ಷಿಸುವುದು? ಕೆರೆಯಂಚಿನ ಬಕಪಕ್ಷಿಗೂ, ಬಿಲದ ಮುಂದೆ ಕುಳಿತ ಬೆಕ್ಕಿಗೂ ಏಕಾಗ್ರತೆಯ ಕೊರತೆಯಿಲ್ಲ. ನಮ್ಮ ಆಚಾರ್ಯರು ಇದನ್ನು ಚೆನ್ನಾಗಿ ಬಲ್ಲವರಾದುದರಿಂದಲೇ ಧ್ಯಾನವನ್ನು ಆರ್ತ, ರೌದ್ರ, ಧರ್ಮ್ಯ, ಶುಕ್ಲ ಎಂದು ನಾಲ್ಕು ಬಗೆಯಾಗಿ ವಿಭಾಗಿಸಿ, ಕೊನೆಯ ಎರಡನ್ನು ಮಾತ್ರ ಮೋಕ್ಷಕ್ಕೆ ಕಾರಣವೆಂದರು. ಕಳೆದುಹೋದ ವಸ್ತುವಿಗಾಗಿ ಕೊರಗುವವನದೂ ಧ್ಯಾನವೇ, ವೈರಿಯನ್ನು ಕೆಡವಲು ಹೊಂಚುವವನದೂ ಧ್ಯಾನವೇ. ಮನಸ್ಸು ಒಂದೆಡೆ ನಿಂತಿತೆಂಬುದು ಒಂದು ಶಕ್ತಿಯನ್ನು ಸೂಚಿಸುತ್ತದೆ. ಅದು ಗುಣವೋ ದೋಷವೋ ಎಂಬುದು ಆ ಮಾತ್ರದಿಂದ ನಿಶ್ಚಯವಾಗದು.

ಹಾಗಾದರೆ ಗುಣವೆನಿಸುವ ಎಚ್ಚರ ಯಾವುದು? ಮಹಾಕವಿ ಪಂಪನು 941ರಲ್ಲಿ ರಚಿಸಿದ ಆದಿಪುರಾಣದ ನೀಲಾಂಜನೆಯ ಪ್ರಸಂಗವನ್ನು ವಾಚಕರು ಸ್ಮರಿಸಬೇಕು. ವೃಷಭದೇವನ ಆಸ್ಥಾನದಲ್ಲಿ ದೇವನರ್ತಕಿ ನೀಲಾಂಜನೆ ನರ್ತಿಸುತ್ತಿದ್ದಾಳೆ. ನರ್ತನದ ನಡುವೆಯೇ ಅವಳ ಆಯುಷ್ಯ ಮುಗಿದು ಮಿಂಚಿನಂತೆ ಅದೃಶ್ಯಳಾಗುತ್ತಾಳೆ. ರಸಭಂಗವಾಗದಂತೆ ದೇವೇಂದ್ರನು ತತ್‌ಕ್ಷಣವೇ ಅವಳ ಪ್ರತಿರೂಪವನ್ನು ಅಲ್ಲಿ ನಿಲ್ಲಿಸುತ್ತಾನೆ. ತಾಳ ತಪ್ಪಲಿಲ್ಲ, ಹೆಜ್ಜೆ ತಪ್ಪಲಿಲ್ಲ. ಸಭೆಯಲ್ಲಿದ್ದವರೆಲ್ಲರೂ ಕಣ್ಣು ಕೀಳದೆ ನೋಡುತ್ತಿದ್ದರು, ಅವರಲ್ಲಿ ಯಾರ ಏಕಾಗ್ರತೆಗೂ ಕುಂದಿರಲಿಲ್ಲ. ಆದರೂ ಇದ್ದವಳು ಹೋಗಿ ಇಲ್ಲದವಳು ಬಂದುದನ್ನು ಕಂಡವನು ವೃಷಭದೇವನೊಬ್ಬನೇ. ಉಳಿದವರು ರಸದಲ್ಲಿ ಮುಳುಗಿ ನೋಡಿದರು, ಅವನು ಮುಳುಗದೆ ನೋಡಿದನು. ವೈರಾಗ್ಯವು ಅವನಿಗೆ ಉಪದೇಶದಿಂದ ಬಂದುದಲ್ಲ, ಕಣ್ಣೆದುರು ನಡೆದುದನ್ನು ನಡೆದಂತೆ ಕಂಡುದರಿಂದ ಬಂದುದು. ನಾನು ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಈ ಪ್ರಸಂಗವನ್ನು ತರಗತಿಗಳಲ್ಲಿ ಪಾಠ ಹೇಳಿದ್ದೇನೆ. ‘ಬೇರೆಯವರಿಗೆ ಯಾಕೆ ಸರ್ ಗೊತ್ತಾಗಲಿಲ್ಲ?’ ಎಂಬ ಪ್ರಶ್ನೆಯನ್ನು ಪ್ರತಿ ವರ್ಷವೂ ಯಾವನಾದರೊಬ್ಬ ಹುಡುಗ ಕೇಳದೆ ಇದ್ದುದಿಲ್ಲ. ಮಕ್ಕಳು ಸರಿಯಾದ ಸ್ಥಳದಲ್ಲಿಯೇ ತಡೆದು ನಿಲ್ಲುತ್ತಾರೆ, ಅವಸರ ಮಾಡುವವರು ನಾವು.

ಎಚ್ಚರವು ಶರೀರದ ಸ್ಥಿರತೆಯೂ ಅಲ್ಲವೆಂಬುದಕ್ಕೆ ಬಾಹುಬಲಿಸ್ವಾಮಿಯ ಚರಿತ್ರೆಗಿಂತ ಬೇರೆ ಸಾಕ್ಷಿ ಬೇಡ. ಒಂದು ವರ್ಷ ಕಾಯೋತ್ಸರ್ಗದಲ್ಲಿ ನಿಂತು, ಕಾಲಿಗೆ ಬಳ್ಳಿ ಹಬ್ಬಿ, ಪಾದದ ಬಳಿ ಹುತ್ತವೆದ್ದರೂ, ಒಳಗೆ ಉಳಿದಿದ್ದ ಮಾನಕಷಾಯದ ದೆಸೆಯಿಂದ ಕೇವಲಜ್ಞಾನ ತಡವಾಯಿತೆಂಬುದನ್ನು ಕುಂದಕುಂದಾಚಾರ್ಯರು ಭಾವಪಾಹುಡದಲ್ಲಿ ಸೂಚಿಸಿದ್ದಾರೆ. ಅಂತಹ ಮಹಾಪುರುಷನ ವಿಷಯದಲ್ಲಿಯೇ ಹೀಗಿರುವಾಗ, ಕಣ್ಣು ಮುಚ್ಚಿ ಅಲುಗಾಡದೆ ಕುಳಿತ ಮಗುವನ್ನು ತೋರಿಸಿ ‘ನೋಡಿ, ಎಷ್ಟು ಚೆನ್ನಾಗಿ ಧ್ಯಾನ ಮಾಡುತ್ತಾನೆ’ ಎಂದು ಬಂಧುಗಳ ಮುಂದೆ ಹೇಳುವುದರಿಂದ ಮಾನಕಷಾಯವನ್ನಲ್ಲದೆ ಬೇರೇನನ್ನು ಬಿತ್ತಿದಂತಾಯಿತು?

ಶಾಸ್ತ್ರದಲ್ಲಿ ಎಚ್ಚರಕ್ಕೆ ಇರುವ ಹೆಸರು ಅಪ್ರಮಾದ. ಪ್ರಮಾದದಿಂದ ಕೂಡಿದ ಮನೋವಾಕ್ಕಾಯಗಳ ಮೂಲಕ ಪ್ರಾಣಗಳಿಗೆ ಘಾತವಾಗುವುದೇ ಹಿಂಸೆಯೆಂದು ಸೂತ್ರಕಾರರು ಹೇಳಿದ ಮೇಲೆ, ಅಹಿಂಸೆಯ ಬಾಗಿಲೇ ಎಚ್ಚರವೆಂದು ಸಿದ್ಧವಾಯಿತು. ಪ್ರವಚನಸಾರದಲ್ಲಿ ಕುಂದಕುಂದಾಚಾರ್ಯರು ಇನ್ನೂ ನಿಷ್ಠುರವಾಗಿ ನುಡಿಯುತ್ತಾರೆ: ಜೀವಿ ಸಾಯಲಿ ಬದುಕಲಿ, ಅಯತ್ನದಿಂದ ನಡೆಯುವವನಿಗೆ ಹಿಂಸೆ ನಿಶ್ಚಿತ; ಸಮಿತಿಯಿಂದ ನಡೆಯುವವನಿಗೆ ಕೇವಲ ಬಾಹ್ಯ ಹಿಂಸೆಯಿಂದ ಬಂಧವಿಲ್ಲ ಎಂಬ ತಾತ್ಪರ್ಯ. ಪ್ರಮಾದಗಳನ್ನು ಹದಿನೈದೆಂದು ಎಣಿಸುತ್ತಾರೆ: ವಿಕಥೆಗಳು ನಾಲ್ಕು, ಕಷಾಯಗಳು ನಾಲ್ಕು, ಇಂದ್ರಿಯಗಳು ಐದು, ನಿದ್ರೆ ಮತ್ತು ಸ್ನೇಹ. ವಿಕಥೆಗಳಲ್ಲಿ ಭಕ್ತಕಥೆಯೆಂಬುದೊಂದಿದೆ, ಎಂದರೆ ಊಟದ ವಿಚಾರವಾದ ಹರಟೆ. ಉಪವಾಸದ ಮಧ್ಯಾಹ್ನ ಬಸದಿಯ ಜಗಲಿಯಲ್ಲಿ ಕುಳಿತು, ನಾಳಿನ ಪಾರಣೆಗೆ ಶಾವಿಗೆಯೋ ಕಡುಬೋ ಎಂದು ಚರ್ಚಿಸುವ ಹಿರಿಯರು ಇದನ್ನು ಓದಿ ನಕ್ಕರೆ ನನಗೆ ಸಂತೋಷವೇ.

ಈಗ ಮಕ್ಕಳ ವಿಷಯಕ್ಕೆ ಬರೋಣ. ಮಹಾಪುರಾಣಕಾರರಾದ ಜಿನಸೇನಾಚಾರ್ಯರು ಉಪನೀತಿ ಕ್ರಿಯೆಯನ್ನು ಗರ್ಭದಿಂದ ಎಂಟನೆಯ ವರ್ಷಕ್ಕೆ ವಿಧಿಸಿದ್ದಾರೆ. ಎಂಟು ವರ್ಷಕ್ಕೆ ಮುಂಚೆ ವ್ರತಗ್ರಹಣದ ಯೋಗ್ಯತೆಯನ್ನು ನಮ್ಮ ಪರಂಪರೆ ಒಪ್ಪುವುದಿಲ್ಲ. ಎಂಟಾದ ಮೇಲೂ ಯಾವ ರೀತಿಯ ವ್ರತ? ಸಮಂತಭದ್ರಾಚಾರ್ಯರು ರತ್ನಕರಂಡಕದಲ್ಲಿ ಕಾಲಮಿತಿಯುಳ್ಳ ತ್ಯಾಗವನ್ನು ನಿಯಮವೆಂದೂ ಯಾವಜ್ಜೀವ ತ್ಯಾಗವನ್ನು ಯಮವೆಂದೂ ಬೇರ್ಪಡಿಸಿದ್ದಾರೆ. ಮಕ್ಕಳಿಗೆ ನಿಯಮವೇ ಸಾಕು, ಅದೂ ಒಂದೆರಡು ಗಳಿಗೆಯದು. ತೀರ್ಥಂಕರತ್ವಕ್ಕೆ ಕಾರಣವಾದ ಷೋಡಶ ಭಾವನೆಗಳಲ್ಲಿ ತ್ಯಾಗ ಮತ್ತು ತಪಸ್ಸುಗಳನ್ನು ಹೇಳುವಾಗಲೂ ‘ಶಕ್ತಿತಃ’ ಎಂಬ ವಿಶೇಷಣ ಅಂಟಿಕೊಂಡೇ ಇದೆ. ಬೆಳೆಯುವ ಶರೀರದ ಶಕ್ತಿಯನ್ನು ನಿರ್ಣಯಿಸುವವರು ವೈದ್ಯರು ಹಾಗೂ ತಾಯಿ, ಸಭೆಯ ಚಪ್ಪಾಳೆಯಲ್ಲ. ಈ ಮಾತು ಕೆಲವರಿಗೆ ಕಟುವೆನಿಸಬಹುದು, ಎನಿಸಲಿ.

ಸಾಮಾಯಿಕದ ವಿಷಯದಲ್ಲಿಯೂ ಇದೇ ಮಾತು. ಉತ್ತಮ ಸಂಹನನವುಳ್ಳವರಿಗೂ ಧ್ಯಾನದ ಕಾಲಮಿತಿ ಅಂತರ್ಮುಹೂರ್ತವೆಂದು ಸೂತ್ರವಿದೆ. ಮುಹೂರ್ತವೆಂದರೆ ಎರಡು ಗಳಿಗೆ, 48 ನಿಮಿಷ, ಅದಕ್ಕೂ ಕಡಿಮೆ. ವಜ್ರಕಾಯರಿಗೆ ಹೇಳಿದ ಪರಮಾವಧಿಯನ್ನು ಆರು ವರ್ಷದ ಮೊಮ್ಮಗಳ ಮೇಲೆ ಹೊರಿಸಿ, ಅವಳು ಹತ್ತನೆಯ ನಿಮಿಷದಲ್ಲಿ ಕಾಲು ಅಲ್ಲಾಡಿಸಿದಳೆಂದು ಗದರಿಸುವುದು ಯಾವ ನ್ಯಾಯ? ಅವಳಿಗೆ ಕಾಯೋತ್ಸರ್ಗದ ಒಂದು ಆವೃತ್ತಿ ಸಾಕು. ಪಂಚನಮಸ್ಕಾರ ಮಂತ್ರವನ್ನು ಮೂರು ಉಸಿರುಗಳಲ್ಲಿ ನೆನೆಯುವ ಕ್ರಮ ನಮ್ಮಲ್ಲಿ ಪ್ರಾಚೀನವಾದುದು. ಮೊದಲನೆಯ ಪದಕ್ಕೆ ಉಸಿರನ್ನು ಒಳಗೆಳೆದು, ಎರಡನೆಯದಕ್ಕೆ ಬಿಡುವುದು. ಮೂರನೆಯದಕ್ಕೆ ಎಳೆದು, ನಾಲ್ಕನೆಯದಕ್ಕೆ ಬಿಡುವುದು. ಐದನೆಯ ಪದವು ಉದ್ದವಾದುದರಿಂದ ಅದನ್ನು ಇಬ್ಭಾಗ ಮಾಡಿ, ಅರ್ಧಕ್ಕೆ ಎಳೆದು ಅರ್ಧಕ್ಕೆ ಬಿಡುವುದು. ಹೀಗೆ ಒಂಬತ್ತು ಸಲಕ್ಕೆ 27 ಉಚ್ಛ್ವಾಸಗಳು. ಇದಕ್ಕೆಲ್ಲ ಎರಡು ಮೂರು ನಿಮಿಷಗಳಿಗಿಂತ ಹೆಚ್ಚು ಕಾಲ ಬೇಡ. ಮಗು ನಡುವೆ ಲೆಕ್ಕ ತಪ್ಪಿದರೆ ‘ತಪ್ಪಿದೆ’ ಎಂದು ಅದಕ್ಕೇ ತಿಳಿಯುವುದಲ್ಲವೇ, ಆ ತಿಳಿವೇ ಸ್ಮೃತಿಯ ಮೊದಲ ಮೊಳಕೆ. ಆಗ ನಗುತ್ತ ಮೊದಲಿನಿಂದ ಆರಂಭಿಸಲು ಬಿಡಬೇಕು. ಬೆರಳಿನ ಗೆರೆಗಳ ಮೇಲೆ ಎಣಿಸುವುದನ್ನು ಅಜ್ಜಿಯೇ ಕಲಿಸಿದರೆ ಇನ್ನೂ ಒಳ್ಳೆಯದು, ಏಕೆಂದರೆ ಅಜ್ಜಿಗೆ ಅವಸರವಿರುವುದಿಲ್ಲ.

ಶಾಲೆಗಳಲ್ಲಿ ಈಗ ‘ಮೈಂಡ್‌ಫುಲ್‌ನೆಸ್’ ಎಂಬ ಹೆಸರಿನಿಂದ ಉಸಿರನ್ನು ಗಮನಿಸುವ ಅಭ್ಯಾಸವನ್ನು ಮಾಡಿಸುವರಷ್ಟೆ. ಬೌದ್ಧರ ಸ್ಮೃತಿಸಾಧನೆಯಿಂದ ಹೊರಟು, 1979ರಲ್ಲಿ ಅಮೆರಿಕದ ಮೆಸಾಚುಸೆಟ್ಸ್‌ನಲ್ಲಿ ಜಾನ್ ಕಬಟ್-ಜಿನ್ ಎಂಬವರು ದೀರ್ಘಕಾಲದ ನೋವಿನಿಂದ ಬಳಲುವ ರೋಗಿಗಳಿಗಾಗಿ ಅಳವಡಿಸಿದ ಕ್ರಮದ ಮೂಲಕ ಅದು ಹಬ್ಬಿತು. ಅದನ್ನು ನಾನು ಅಲ್ಲಗಳೆಯುವವನಲ್ಲ. ಅಂಜುವ ಮಗುವಿಗೆ ಅದರಿಂದ ಸಮಾಧಾನವಾದರೆ ಆಗಲಿ. ಆದರೆ ಸಮಾಧಾನಕ್ಕಾಗಿ ಉಸಿರನ್ನು ನೋಡುವುದಕ್ಕೂ, ತನ್ನಿಂದ ಇನ್ನೊಂದು ಜೀವಕ್ಕೆ ನೋವಾಗದಿರಲೆಂದು ಕೈಕಾಲುಗಳನ್ನು ನೋಡಿಕೊಳ್ಳುವುದಕ್ಕೂ ಭೇದವಿದೆ. ಮೊದಲನೆಯದರಲ್ಲಿ ಕಣ್ಣು ಒಳಗೆ ತಿರುಗಿ ನಿಲ್ಲುತ್ತದೆ. ಎರಡನೆಯದರಲ್ಲಿ ಅದು ಇರುವೆಯವರೆಗೆ ಹೋಗಿ ಹಿಂದಿರುಗುತ್ತದೆ. ಸಾಮಾಯಿಕದಲ್ಲಿ ಸಮಸ್ತ ಜೀವಿಗಳಲ್ಲಿ ಸಮತೆಯನ್ನು ಭಾವಿಸಬೇಕೆಂದು ಹೇಳಿರುವುದರ ಅರ್ಥವನ್ನು ಮಗುವಿಗೆ ತಿಳಿಸುವುದು ಕಷ್ಟ, ತೋರಿಸುವುದು ಸುಲಭ.

ತೋರಿಸುವ ಸ್ಥಳ ಅಡುಗೆಮನೆ. ನಮ್ಮ ಹಿರಿಯರು ನೀರು ಗಾಳಿಸುವ ಕೆಲಸವನ್ನು ಮಕ್ಕಳ ಕಣ್ಣೆದುರಿಗೇ ಮಾಡುತ್ತಿದ್ದರು. 36 ಅಂಗುಲ ಉದ್ದ, 24 ಅಂಗುಲ ಅಗಲದ ದಟ್ಟವಾದ ಬಟ್ಟೆ, ಅದನ್ನು ಎರಡಾಗಿ ಮಡಿಸಿ ಕೊಡದ ಬಾಯಿಗೆ ಹಾಸಿ, ಬಾವಿಯ ನೀರನ್ನು ನಿಧಾನವಾಗಿ ಹೊಯ್ಯುವುದು. ಆಮೇಲೆ ಬಟ್ಟೆಯನ್ನು ಹಿಂಡದೆ, ಗಾಳಿಸಿದ ನೀರನ್ನೇ ಅದರ ಮೇಲೆ ಬಿಟ್ಟು, ಬಟ್ಟೆಯಲ್ಲಿ ನಿಂತ ಸೂಕ್ಷ್ಮಜೀವಿಗಳನ್ನು ತಂದ ಬಾವಿಗೇ ಮೆಲ್ಲನೆ ಮುಟ್ಟಿಸುವುದು. ಬಾವಿಯ ಜೀವ ಬಾವಿಗೆ, ಕೆರೆಯ ಜೀವ ಕೆರೆಗೆ. ಹಾಗೆ ಗಾಳಿಸಿದ ನೀರಿಗೂ ಒಂದು ಮುಹೂರ್ತದ ಅವಧಿ ಮಾತ್ರ, ಆಮೇಲೆ ಮತ್ತೆ ಗಾಳಿಸಬೇಕು. ಈ ಒಂದು ಕ್ರಿಯೆಯಲ್ಲಿ ಕಣ್ಣಿಗೂ ಕೈಗೂ ಕಾಲಪ್ರಜ್ಞೆಗೂ ಏಕಕಾಲದಲ್ಲಿ ಶಿಕ್ಷಣವಿತ್ತು. ಇಂದು ಬಹುತೇಕ ಮನೆಗಳಲ್ಲಿ ನಲ್ಲಿಯ ನೀರು, ಗೋಡೆಯ ಮೇಲೆ ಶುದ್ಧೀಕರಣ ಯಂತ್ರ. ನಲ್ಲಿಯ ಜೀವವನ್ನು ಎಲ್ಲಿಗೆ ಹಿಂದಿರುಗಿಸುವುದೆಂಬ ಪ್ರಶ್ನೆಗೆ ಸುಲಭವಾದ ಉತ್ತರವಿಲ್ಲ. ಯಂತ್ರವು ನಮ್ಮ ಆರೋಗ್ಯವನ್ನು ಕಾಯುತ್ತದೆ, ನಿಜ. ಬಟ್ಟೆಯು ನೀರಿನೊಳಗಿನ ಜೀವವನ್ನು ನಮ್ಮಿಂದ ಕಾಯುತ್ತಿತ್ತು. ಬಾವಿಯುಳ್ಳ ಮನೆಯವರು, ಹಳ್ಳಿಯಲ್ಲಿ ಅಜ್ಜನ ಮನೆ ಉಳಿಸಿಕೊಂಡಿರುವವರು, ರಜೆಯಲ್ಲಾದರೂ ಮಕ್ಕಳ ಕೈಯಿಂದ ಒಂದು ಕೊಡ ನೀರನ್ನು ಈ ಕ್ರಮದಲ್ಲಿ ಗಾಳಿಸಿಸಬೇಕು. ಸಾಧ್ಯವಾದರೆ ಶಾಲೆಯ ಸೂಕ್ಷ್ಮದರ್ಶಕದಲ್ಲಿ ಆ ಬಾವಿಯ ನೀರಿನ ಒಂದು ಹನಿಯನ್ನು ತೋರಿಸಬೇಕು. ಬರಿಗಣ್ಣಿಗೆ ಏನೂ ಇಲ್ಲದಲ್ಲಿ ಚಲಿಸುವ ಜೀವವನ್ನು ಒಮ್ಮೆ ಕಂಡ ಹುಡುಗನಿಗೆ ನಾನು ಮತ್ತೆ ಜೀವಕಾಂಡದ ಪಾಠವನ್ನು ಹೆಚ್ಚು ವಿವರಿಸಬೇಕಾಗಿ ಬಂದುದಿಲ್ಲ.

ಬಾವಿ ಇಲ್ಲದವರಿಗೆ ಮೊರವಿದೆ. ಹೆಸರುಕಾಳನ್ನೋ ಅಕ್ಕಿಯನ್ನೋ ಒಂದು ಪಾವಿನಷ್ಟು ಮೊರದಲ್ಲಿ ಹರಡಿ, ಬೆಳಕಿರುವ ಕಡೆ ಮಗುವನ್ನು ಕೂಡಿಸಿ, ‘ಹುಳವಿದ್ದರೆ ತೋರಿಸು ಮಗು’ ಎಂದರೆ ಸಾಕು. ಧ್ಯಾನವೆಂಬ ಶಬ್ದವನ್ನೇ ಬಳಸಬೇಕಾಗಿಲ್ಲ. ಕಂಡ ಹುಳವನ್ನು ಒಂದು ಹಿಡಿ ಕಾಳಿನೊಂದಿಗೆ ನೆರಳಿನ ಕಡೆ ಇಟ್ಟು ಬರುವ ಅಧಿಕಾರವನ್ನು ಮಗುವಿಗೇ ಕೊಡಬೇಕು. ಸೂರ್ಯಾಸ್ತದ ಮೊದಲು ಊಟ ಮಾಡುವುದೇಕೆಂಬ ಪ್ರಶ್ನೆಗೂ ಇಲ್ಲಿಯೇ ಉತ್ತರ ದೊರೆಯುತ್ತದೆ: ಅದೇ ಮೊರವನ್ನು ಕತ್ತಲಾದ ಮೇಲೆ ಸಣ್ಣ ದೀಪದ ಮುಂದಿಟ್ಟು ಹುಳವನ್ನು ಹುಡುಕಲು ಹೇಳಿರಿ. ಊಟದ ಮೌನವೂ ಹೀಗೆಯೇ. ಮೊದಲ ಐದು ತುತ್ತುಗಳನ್ನು ಮನೆಯವರೆಲ್ಲರೂ ಮಾತಿಲ್ಲದೆ ಉಂಡರೆ ಆರಂಭಕ್ಕೆ ಸಾಕು, ತಂದೆಯ ಮೊಬೈಲೂ ಆಗ ಮೌನದಲ್ಲಿರತಕ್ಕದ್ದು.

ಬಸದಿಗೆ ಹೋಗುವ ದಾರಿ ಈರ್ಯಾಸಮಿತಿಯ ಪಾಠಶಾಲೆ. ಮುನಿಗಳು ನಾಲ್ಕು ಮೊಳ ದೂರದ ನೆಲವನ್ನು ನೋಡುತ್ತ ನಡೆಯುತ್ತಾರೆ. ಮಕ್ಕಳಿಗೆ ಬೀದಿಯ ತಿರುವಿನಿಂದ ಬಸದಿಯ ಬಾಗಿಲಿನವರೆಗೆ ಮಾತ್ರ ಹಾಗೆ ನಡೆಯಲು ಹೇಳಿ, ವಾಹನಗಳಿರುವ ರಸ್ತೆಯಲ್ಲಿ ಬೇಡ. ಮೂಡಬಿದರೆಯಲ್ಲಿ 1430ರಲ್ಲಿ ಕಟ್ಟಿದ ಸಾವಿರ ಕಂಬದ ಬಸದಿಗೆ ಹೋದವರು ಕಂಬಗಳ ಮುಂದೆ ನಿಂತು ಚಿತ್ರ ತೆಗೆಸಿಕೊಂಡು ಬರುತ್ತಾರೆ. ಒಂದರಂತೆ ಇನ್ನೊಂದು ಕಂಬವಿಲ್ಲವೆಂಬ ಪ್ರತೀತಿ ಅಲ್ಲಿದೆ. ಎರಡೇ ಎರಡು ಕಂಬಗಳ ಮುಂದೆ ಮಕ್ಕಳನ್ನು ಕೂಡಿಸಿ, ಭೇದಗಳನ್ನು ಹುಡುಕಲು ಅರ್ಧ ಗಳಿಗೆ ಕೊಟ್ಟರೆ, ಆ ಪ್ರತೀತಿ ನಿಜವೋ ಅಲ್ಲವೋ ಎಂಬುದನ್ನು ಅವರೇ ಪರೀಕ್ಷಿಸುವರು.

ಇಲ್ಲಿ ಒಂದು ಆಕ್ಷೇಪಕ್ಕೆ ಅವಕಾಶವಿದೆ. ಬಾಲ್ಯದಲ್ಲಿ ಹೀಗೆ ರೂಢಿ ಮಾಡಿಸಿದುದು ಬರಿಯ ಅಭ್ಯಾಸವಲ್ಲವೇ, ವಿವೇಕಪೂರ್ವಕವಲ್ಲದ ಆಚರಣೆಗೆ ಧರ್ಮದ ಮೌಲ್ಯವೆಲ್ಲಿಂದ ಬರುತ್ತದೆ, ಎಂದು ಓದಿದ ತರುಣರು ಕೇಳುತ್ತಾರೆ. ಪ್ರಶ್ನೆ ತೂಕವುಳ್ಳದ್ದು. ಕಣ್ಣು ಮುಚ್ಚಿ ಮಾಡುವ ಅಭ್ಯಾಸವಾದರೆ ಆಕ್ಷೇಪವು ಸರಿಯೆಂದೇ ಒಪ್ಪುತ್ತೇನೆ. ಹತ್ತು ವರ್ಷ ಉಪವಾಸ ಮಾಡಿಯೂ ಅದೇಕೆಂದು ತಿಳಿಯದವರನ್ನು ನಾವೆಲ್ಲರೂ ಬಲ್ಲೆವು. ಆದರೆ ನೋಡುವ ಅಭ್ಯಾಸವು ವಿಚಿತ್ರವಾದ ಅಭ್ಯಾಸ: ಅದು ದಿನದಿನವೂ ಹೊಸದನ್ನು ಎದುರಿಗೆ ತಂದು ನಿಲ್ಲಿಸಿ, ಮುಂದೇನು ಮಾಡುವೆಯೆಂದು ಕೇಳುತ್ತದೆ. ಮೊರದಲ್ಲಿ ಹುಳವನ್ನು ಕಂಡ ಮಗು ಅದನ್ನು ಹೊಸಕಿಯೂ ಹಾಕಬಹುದು, ಎತ್ತಿಯೂ ಇಡಬಹುದು. ಆ ಆಯ್ಕೆ ಮಗುವಿನದು. ಕಾಣದವನಿಗೆ ಆಯ್ಕೆಯೇ ಇಲ್ಲ. ದೊಡ್ಡವನಾದ ಮೇಲೆ ಅವನು ಅಣುವ್ರತಗಳನ್ನು ಸ್ವೀಕರಿಸುವನೋ ಬಿಡುವನೋ, ಅದು ಅವನ ಕ್ಷಯೋಪಶಮಕ್ಕೆ ಬಿಟ್ಟದ್ದು. ಸ್ವೀಕರಿಸುವ ದಿನ ಕಣ್ಣಿರಬೇಕೆಂಬಷ್ಟು ಹೊಣೆ ತಾಯಿತಂದೆಗಳದು.

ಸಂಜೆಯ ಪ್ರತಿಕ್ರಮಣದ ವಿಷಯದಲ್ಲಿ ಒಂದು ಎಚ್ಚರಿಕೆ. ಮಕ್ಕಳನ್ನು ಸಾಲಾಗಿ ನಿಲ್ಲಿಸಿ ‘ಇಂದು ಏನೇನು ತಪ್ಪು ಮಾಡಿದಿರಿ’ ಎಂದು ಕೇಳುವ ಪದ್ಧತಿಯನ್ನು ಕೆಲವರು ಆರಂಭಿಸಿದ್ದಾರೆ. ಇದು ಆಲೋಚನೆಯಲ್ಲ, ವಿಚಾರಣೆ. ಎರಡು ದಿನಗಳಲ್ಲಿ ಮಕ್ಕಳು ಒಪ್ಪಿಸಲು ಸುಲಭವಾದ ತಪ್ಪುಗಳನ್ನು ಸೃಷ್ಟಿಸಲು ಕಲಿಯುತ್ತಾರೆ. ಮನೆಯ ಹಿರಿಯರು ಮೊದಲು ಹೇಳಬೇಕು: ‘ಇಂದು ನಾನು ಬಾಗಿಲನ್ನು ನೋಡದೆ ಹಾಕಿದೆ, ಹಲ್ಲಿಯ ಬಾಲ ಸಿಕ್ಕಿಕೊಂಡಿತು’ ಎಂದು ಅಪ್ಪ ಹೇಳಿದರೆ, ಕೇಳದಿದ್ದರೂ ಮಗು ತನ್ನದನ್ನು ಹೇಳುತ್ತದೆ. ಹೇಳದಿದ್ದರೆ ಬಿಡಬೇಕು.

ಇನ್ನು ಪರ್ವದಿನಗಳಲ್ಲಿ, ಮನೆಯ ಹಿರಿಯರು ಉಪವಾಸದಲ್ಲಿರುವಾಗ ಮಕ್ಕಳೇನು ಮಾಡಬೇಕು? ಅವರು ವೇಳೆಗೆ ಸರಿಯಾಗಿ ಉಣ್ಣಲಿ. ಆದರೆ ಉಪವಾಸಿಯ ಮೂರು ಅತಿಚಾರಗಳನ್ನು ಕಾಯುವ ಕೆಲಸವನ್ನು ಅವರಿಗೆ ವಹಿಸಬಹುದು. ಅಜ್ಜಿ ಕುಳಿತುಕೊಳ್ಳುವ ಮೊದಲು ಮಣೆಯ ಅಡಿಯನ್ನು ನೋಡುವುದು, ಸ್ವಾಧ್ಯಾಯದ ಪುಸ್ತಕವನ್ನು ಕೊಡುವ ಮೊದಲು ಮೆತ್ತನೆಯ ಬಟ್ಟೆಯಿಂದ ಒರಸುವುದು, ರಾತ್ರಿ ಚಾಪೆಯನ್ನು ಬಿಡಿಸುವ ಮೊದಲು ನೆಲಕ್ಕೆ ದೀಪವನ್ನು ಹಿಡಿಯುವುದು. ಇದಕ್ಕೆ ಹೊಸ ಬಟ್ಟೆ ಬೇಡ. ಹೊಸ ಬಟ್ಟೆಯ ಗಂಜಿ ಒರಟಾಗಿದ್ದು ಇರುವೆಯ ಕಾಲು ಮುರಿಯುತ್ತದೆ. ಅನೇಕ ಸಲ ಒಗೆದು ಮೆತ್ತಗಾದ ಹಳೆಯ ಪಂಚೆಯ ತುಂಡೊಂದನ್ನು ಮಗುವಿನ ಹೆಸರಿಗೆ ಬೇರೆಯಾಗಿ ತೆಗೆದಿಡಿ.